ನಿಯಮಾವಳಿಯಲ್ಲಿ ಉಳಿದ ಕನ್ನಡ

1956ರ ನವೆಂಬರ್ 1 ನಮಗೆಲ್ಲರಿಗೂ ಹಬ್ಬದ ದಿನ. ಮುಂಬಯಿ, ಹೈದರಾಬಾದು, ಮದ್ರಾಸು, ಕೊಡಗು, ಮೈಸೂರು ಎಂದು ಹರಿದು ಹಂಚಿಹೋಗಿದ್ದ ಕನ್ನಡನಾಡು ಒಂದು ರಾಜ್ಯವಾದ ದಿನ. ನಾಗಪುರಕ್ಕೆ ಅದೇ ದಿನ ಬೇರೊಂದು ಅರ್ಥವಿದೆ. ಅದರ ಹಿಂದಿನ ದಿನದ ತನಕ ಈ ಊರು ರಾಜಧಾನಿಯಾಗಿತ್ತು. ಮಧ್ಯಪ್ರಾಂತ ಮತ್ತು ಬೇರಾರಿನ ಆಡಳಿತ ನಡೆದದ್ದು ಇಲ್ಲಿಂದ. 1950ರಲ್ಲಿ ಮಧ್ಯಪ್ರದೇಶವೆಂದು ಹೆಸರು ಪಡೆದ ರಾಜ್ಯಕ್ಕೂ ಇದೇ ರಾಜಧಾನಿ. 1936ರಲ್ಲಿ ಸ್ಥಾಪನೆಯಾದ ತನ್ನದೇ ಹೈಕೋರ್ಟು ಇತ್ತು. ನವೆಂಬರ್ 1ರಂದು ವಿದರ್ಭದ ಎಂಟು ಜಿಲ್ಲೆಗಳು ಮುಂಬಯಿ ರಾಜ್ಯಕ್ಕೆ ಸೇರಿದವು, ಮಧ್ಯಪ್ರದೇಶದ ರಾಜಧಾನಿ ಭೋಪಾಲಕ್ಕೆ ಹೋಯಿತು, ಇಲ್ಲಿಯ ಹೈಕೋರ್ಟಿನ ಸ್ಥಾನದಲ್ಲಿ ಮುಂಬಯಿ ಹೈಕೋರ್ಟಿನ ಒಂದು ಪೀಠ ಉಳಿಯಿತು. ಫಜಲ್ ಅಲಿ ಆಯೋಗ 1955ರಲ್ಲಿ ವಿದರ್ಭಕ್ಕೆ ಪ್ರತ್ಯೇಕ ರಾಜ್ಯವನ್ನೇ ಶಿಫಾರಸು ಮಾಡಿತ್ತು. ಅದು ಕಾಗದದಲ್ಲೇ ಉಳಿದು, 1953ರ ನಾಗಪುರ ಒಪ್ಪಂದದ ಭರವಸೆಯಂತೆ ವರ್ಷಕ್ಕೊಮ್ಮೆ ಚಳಿಗಾಲದಲ್ಲಿ ಶಾಸಕರು ಬಂದು ಹೋಗುವ ಉಪರಾಜಧಾನಿಯ ಪದವಿಯಷ್ಟೇ ಈ ಊರಿನ ಪಾಲಿಗೆ ಬಂತು.

ನಾವು ಪ್ರತಿ ವರ್ಷ ರಾಜ್ಯೋತ್ಸವದ ದೀಪ ಹಚ್ಚುವುದು ಇಂಥ ಊರಿನಲ್ಲಿ. ನಮಗೆ ಬಂದದ್ದೂ ಇಲ್ಲಿಯವರಿಂದ ಹೋದದ್ದೂ ಒಂದೇ ಕಾಯಿದೆಯಿಂದ. ಆದರೂ ನಮ್ಮ ವೇದಿಕೆಯ ಮೇಲೆ ಈ ಮಾತನ್ನು ಯಾರಾದರೂ ಆಡಿದ್ದನ್ನು ನಾನು ಕೇಳಿಲ್ಲ. ನಾಡು ಎಂಬುದು ಅನಾದಿ, ಅಚಲ ಎಂಬ ಧಾಟಿಯಲ್ಲಿಯೇ ನಮ್ಮ ಭಾಷಣಗಳು ಹರಿಯುತ್ತವೆ. ಅದು ಅಚಲವಾಗಿದ್ದರೆ ಏಕೀಕರಣಕ್ಕಾಗಿ ಅಷ್ಟು ಜನ ದುಡಿಯುವ ಅಗತ್ಯವೇನಿತ್ತು? ಇದ್ದ ಗಡಿಗಳನ್ನು ನಾವು ಒಪ್ಪಲಾರೆವು, ಅವನ್ನು ಬದಲಾಯಿಸಿ ಎಂದು ಕೇಳಿದವರ ಮಕ್ಕಳು ಮೊಮ್ಮಕ್ಕಳು ನಾವು. ಈಗ ಒಂದು ಸಂಘದ ನಿಯಮಾವಳಿಯ ಒಂದು ಕಲಮನ್ನು ಬದಲಾಯಿಸೋಣ ಎಂದರೆ ಹಿರಿಯರ ಆತ್ಮಕ್ಕೆ ದ್ರೋಹವಾಯಿತೆಂದು ಗದ್ದಲವೆಬ್ಬಿಸುತ್ತೇವೆ.

ಗದ್ದಲ ಎಂಬ ಮಾತನ್ನು ನಾನು ಸುಮ್ಮನೆ ಬಳಸಿಲ್ಲ. ನಾನು ಸದಸ್ಯತ್ವ ಪಡೆದಿರುವ ಇಲ್ಲಿಯ ಸಂಘದ ಕಳೆದ ವಾರ್ಷಿಕ ಮಹಾಸಭೆಯಲ್ಲಿ ಎರಡು ಸೂಚನೆಗಳು ಬಂದಿದ್ದವು. ಮೊದಲನೆಯದು, ‘ಕನ್ನಡ ಮಾತೃಭಾಷೆಯಾಗಿರುವವರಿಗೆ’ ಮಾತ್ರ ಮತದಾನದ ಹಕ್ಕುಳ್ಳ ಸದಸ್ಯತ್ವ ಎಂಬ ಕಲಮನ್ನು ತಿದ್ದಿ, ಸದಸ್ಯರ ಮನೆಗೆ ಮದುವೆಯಾಗಿ ಬಂದವರಿಗೆ, ಅಂಥ ಮದುವೆಗಳಿಂದ ಹುಟ್ಟಿದ ಮಕ್ಕಳಿಗೆ ಹಾಗೂ ಕನ್ನಡ ಕಲಿತ ಬೇರೆ ಯಾರಿಗಾದರೂ ಆ ಹಕ್ಕು ಕೊಡಬೇಕೆಂಬುದು. ಎರಡನೆಯದು, ಭಾನುವಾರದ ಕನ್ನಡ ತರಗತಿಯಲ್ಲಿ ಮೊದಲ ಎರಡು ತಿಂಗಳು ದೇವನಾಗರಿಯಲ್ಲಿ ಬರೆದ ಕನ್ನಡ ವಾಕ್ಯಗಳನ್ನು ಬಳಸಬೇಕೆಂಬುದು. ಎರಡೂ ಬಿದ್ದುಹೋದವು. ಚರ್ಚೆಯಲ್ಲಿ ಸೋತು ಬಿದ್ದಿದ್ದರೆ ನನಗೆ ದುಃಖವಿರುತ್ತಿರಲಿಲ್ಲ. ಚರ್ಚೆಯೇ ಆಗಲಿಲ್ಲ. “ಮೊದಲಿನಿಂದ ಹೇಗೆ ನಡೆದು ಬಂದಿದೆಯೋ ಹಾಗೆ” ಎಂಬ ಒಂದು ಮಾತು, ಅದಕ್ಕೆ ಒಂದಷ್ಟು ಚಪ್ಪಾಳೆ, ಆಮೇಲೆ ಉಪಾಹಾರ.

ಮೊದಲಿನಿಂದ ಎಂದರೆ ಎಂದಿನಿಂದ? ನಮ್ಮ ರಾಜ್ಯೋತ್ಸವವನ್ನೇ ತೆಗೆದುಕೊಳ್ಳೋಣ. ‘ಕರ್ನಾಟಕ’ ಎಂಬ ಹೆಸರು ರಾಜ್ಯಕ್ಕೆ ಬಂದದ್ದು 1973ರ ನವೆಂಬರ್ 1ರಂದು. ಅದಕ್ಕೆ ಮೊದಲಿನ ಹದಿನೇಳು ವರ್ಷ ನಾವು ಆಚರಿಸಿದ್ದು ಮೈಸೂರು ರಾಜ್ಯದ ಉದಯವನ್ನು. ನಾವು ಹಾರಿಸುವ ಹಳದಿ ಕೆಂಪು ಬಾವುಟ ಮ. ರಾಮಮೂರ್ತಿಯವರಿಂದ ರೂಪುಗೊಂಡದ್ದು 1960ರ ದಶಕದಲ್ಲಿ. ನಾವು ಎದ್ದು ನಿಂತು ಹಾಡುವ ಕುವೆಂಪು ಅವರ ಗೀತೆ ಅಧಿಕೃತವಾಗಿ ನಾಡಗೀತೆಯಾದದ್ದು 2004ರಲ್ಲಿ. ಅದಕ್ಕೆ ಮೈಸೂರು ಅನಂತಸ್ವಾಮಿಯವರ ಧಾಟಿಯೇ ಅಧಿಕೃತ, ಎರಡೂವರೆ ನಿಮಿಷದಲ್ಲಿ ಹಾಡಿ ಮುಗಿಸಬೇಕು ಎಂದು ಸರ್ಕಾರ ಗೊತ್ತುಪಡಿಸಿದ್ದು 2022ರಲ್ಲಿ. ಅಂದರೆ ನಮ್ಮ ಸಭೆಯಲ್ಲಿ ‘ಮೊದಲಿನಿಂದ’ ಎಂದು ಗುಡುಗಿದ ಮಹನೀಯರು ನೌಕರಿಗೆಂದು ಈ ಊರಿಗೆ ಬಂದಿಳಿದಾಗ ಇವುಗಳಲ್ಲಿ ಅರ್ಧದಷ್ಟು ಇರಲೇ ಇಲ್ಲ. ಇದರಿಂದ ಬಾವುಟದ ಗೌರವವಾಗಲಿ ಗೀತೆಯ ಗೌರವವಾಗಲಿ ಕಡಿಮೆಯಾಗುವುದಿಲ್ಲ. ಯಾರೋ ಕೆಲವರು ಒಂದು ಕಾಲದಲ್ಲಿ ಯೋಚಿಸಿ, ಜಗಳಾಡಿ, ಒಪ್ಪಿ ಮಾಡಿಕೊಂಡ ಏರ್ಪಾಡುಗಳಿವು ಎಂಬುದು ಮಾತ್ರ ನೆನಪಿರಬೇಕು. ನಮ್ಮ ನಿಯಮಾವಳಿಯೂ ಅಂಥದೇ.

ಇನ್ನು ಮಾತೃಭಾಷೆಯ ಕಲಮು. ಈ ಕಲಮನ್ನು ಕಟ್ಟುನಿಟ್ಟಾಗಿ ಪಾಲಿಸಿದರೆ ದ. ರಾ. ಬೇಂದ್ರೆಯವರಿಗೆ ನಮ್ಮ ಸಂಘದಲ್ಲಿ ಮತವಿರುತ್ತಿರಲಿಲ್ಲ. ಅವರ ಮನೆಮಾತು ಮರಾಠಿ. ಮಾಸ್ತಿಯವರಿಗೂ ಇರುತ್ತಿರಲಿಲ್ಲ, ಅವರದು ತಮಿಳು. ಗಿರೀಶ ಕಾರ್ನಾಡರದು ಕೊಂಕಣಿ, ನಿಸಾರ್ ಅಹಮದರದು ಉರ್ದು. ಕನ್ನಡಕ್ಕೆ ಬಂದ ಜ್ಞಾನಪೀಠ ಪ್ರಶಸ್ತಿಗಳ ಸಂಖ್ಯೆಯನ್ನು ವೇದಿಕೆಯಲ್ಲಿ ಎದೆಯುಬ್ಬಿಸಿ ಹೇಳುತ್ತೇವಲ್ಲ, ಅದರಲ್ಲಿ ಮೂರನ್ನು, ಅಂದರೆ 1973ರ ಬೇಂದ್ರೆಯವರದು, 1983ರ ಮಾಸ್ತಿಯವರದು, 1998ರ ಕಾರ್ನಾಡರದು, ನಮ್ಮ ಕಲಮಿನ ಪ್ರಕಾರ ಬಾಗಿಲ ಹೊರಗೆ ನಿಲ್ಲಿಸಬೇಕಾಗುತ್ತದೆ. ಒಬ್ಬ ಹಿರಿಯರು ಇದಕ್ಕೆ, “ಅವರ ಮಾತು ಬೇರೆ, ಅವರು ದೊಡ್ಡವರು” ಎಂದರು. ದೊಡ್ಡವರಾದ ಮೇಲೆ ಸೇರಿಸಿಕೊಳ್ಳುತ್ತೇವೆ ಎಂಬುದು ಔದಾರ್ಯವಲ್ಲ. ಧಾರವಾಡದ ಒಬ್ಬ ಮರಾಠಿ ಹುಡುಗ ಕನ್ನಡದಲ್ಲಿ ಮೊದಲ ಪದ್ಯ ಬರೆದಾಗ ಅವನು ಬೇಂದ್ರೆಯಾಗುತ್ತಾನೆಂದು ಯಾರಿಗೆ ಗೊತ್ತಿತ್ತು?

ಕರ್ನಾಟಕದ ಒಳಗೆ ನಾವು ಆಡುವ ಮಾತೇ ಬೇರೆ. ಕನ್ನಡ ಭಾಷಾ ಕಲಿಕೆ ಅಧಿನಿಯಮ 2015ರಲ್ಲಿ ಬಂತು. ಯಾವ ಮನೆಮಾತಿನ ಮಗುವೇ ಆಗಲಿ, ಕರ್ನಾಟಕದ ಶಾಲೆಯಲ್ಲಿ ಕನ್ನಡ ಕಲಿಯಲೇಬೇಕು ಎಂಬುದು ಅದರ ತಾತ್ಪರ್ಯ. ನಮ್ಮ ಸಂಘ ಅದನ್ನು ಸ್ವಾಗತಿಸಿತು, ನಾನೂ ಸ್ವಾಗತಿಸಿದೆ. ಬೆಂಗಳೂರಿನಲ್ಲಿ ನೆಲೆಸಿದ ಪರಭಾಷಿಕರಿಗೆ ಕನ್ನಡ ಕಲಿತು ಕನ್ನಡಿಗರಾಗಿ ಎಂದು ಕರೆ ಕೊಡುವವರು, ನಾಗಪುರದಲ್ಲಿ ಅತ್ತೆಮಾವಂದಿರಿಂದ ಕನ್ನಡ ಕಲಿತು, ರಾಜ್ಯೋತ್ಸವಕ್ಕೆ ಇನ್ನೂರು ಜನರ ಅಡುಗೆಯ ಮೇಲ್ವಿಚಾರಣೆ ನೋಡಿಕೊಳ್ಳುವ ಮರಾಠಿ ಸೊಸೆಗೆ ಮಾತ್ರ ‘ನೀವು ಸಹಸದಸ್ಯರು, ಕೈಯೆತ್ತುವಂತಿಲ್ಲ’ ಎನ್ನುತ್ತೇವೆ. ಒಲೆಯ ಮುಂದೆ ಬೇಕಾದವರು ಮತಪೆಟ್ಟಿಗೆಯ ಮುಂದೆ ಬೇಡ. ಇದನ್ನು ಸಂಸ್ಕೃತಿಯ ರಕ್ಷಣೆ ಎಂದು ಕರೆಯಲು ನನ್ನ ನಾಲಗೆ ಏಳುವುದಿಲ್ಲ.

ಈ ಕಲಮು ಬರೆದವರನ್ನು ನಾನು ದೂಷಿಸುತ್ತಿಲ್ಲ. ಅವರ ಕಾಲಕ್ಕೆ ಅದು ಸಹಜವಾಗಿತ್ತು. ನಮ್ಮಂಥ ಸಂಘಗಳು ಬೆಳೆದದ್ದು ವರ್ಗಾವಣೆಯ ಆದೇಶಗಳಿಂದ. ರೈಲ್ವೆ, ಅಂಚೆ, ಮಹಾಲೇಖಪಾಲರ ಕಚೇರಿ, ರಿಸರ್ವ್ ಬ್ಯಾಂಕು, ಇವುಗಳ ಜೊತೆಗೆ ನಮ್ಮ ನಾಡಿನಲ್ಲೇ ಹುಟ್ಟಿದ ಬ್ಯಾಂಕುಗಳು. 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕು, ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕು, 1925ರಲ್ಲಿ ಉಡುಪಿಯಲ್ಲೇ ಸಿಂಡಿಕೇಟ್ ಬ್ಯಾಂಕು, 1931ರಲ್ಲಿ ಮತ್ತೆ ಮಂಗಳೂರಿನಲ್ಲಿ ವಿಜಯಾ ಬ್ಯಾಂಕು. ಇವುಗಳ ಶಾಖೆ ಎಲ್ಲೆಲ್ಲಿ ತೆರೆಯಿತೋ ಅಲ್ಲಲ್ಲಿ ನಾಲ್ಕಾರು ಕನ್ನಡ ಕುಟುಂಬಗಳು ಬಂದವು. ಒಬ್ಬರು ವರ್ಗವಾಗಿ ಹೋದರೆ ಅವರ ಜಾಗಕ್ಕೆ ಬಂದವರೂ ಬಹುಮಟ್ಟಿಗೆ ಕನ್ನಡಿಗರೇ. ಬಂದ ತಿಂಗಳಿಗೆ ವರ್ಗಣಿ ಕೊಟ್ಟು ಸದಸ್ಯರಾಗುತ್ತಿದ್ದರು, ಅವರ ಮಕ್ಕಳು ನಾಟಕದಲ್ಲಿ ಪಾತ್ರ ಮಾಡುತ್ತಿದ್ದರು. ಹೊಸ ನೀರು ತಾನಾಗಿಯೇ ಹರಿದು ಬರುತ್ತಿದ್ದಾಗ ಕಟ್ಟೆಯನ್ನು ಎತ್ತರಿಸಿದರೂ ನಷ್ಟವಿರಲಿಲ್ಲ. ಈಗ 2017ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು, 2019ರಲ್ಲಿ ವಿಜಯಾ, 2020ರಲ್ಲಿ ಕಾರ್ಪೊರೇಷನ್ ಮತ್ತು ಸಿಂಡಿಕೇಟ್, ಒಂದೊಂದಾಗಿ ಬೇರೆ ಬ್ಯಾಂಕುಗಳಲ್ಲಿ ವಿಲೀನವಾಗಿ ಹೆಸರು ಕಳೆದುಕೊಂಡವು. ಕೆನರಾ ಒಂದು ಉಳಿದಿದೆ. ಉಳಿದಲ್ಲಿಯೂ ನೇಮಕದ ಪದ್ಧತಿ ಬದಲಾಗಿ, ಕೌಂಟರಿನ ಆಚೆ ಕನ್ನಡ ಕೇಳಿಸುವುದು ಅಪರೂಪ. ಹರಿದು ಬರುವ ನೀರು ನಿಂತಿದೆ, ಕಟ್ಟೆ ಮಾತ್ರ ಹಾಗೆಯೇ ಇದೆ. ಒಳಗಿರುವವರಿಗೆ ವರ್ಷ ವರ್ಷಕ್ಕೆ ವಯಸ್ಸಾಗುತ್ತಿದೆ. 2011ರ ಜನಗಣತಿಯ ಪ್ರಕಾರ ಮಹಾರಾಷ್ಟ್ರದಲ್ಲಿ ಕನ್ನಡ ಮಾತೃಭಾಷಿಕರು ಸುಮಾರು 10 ಲಕ್ಷ. ಅವರಲ್ಲಿ ಬಹುಪಾಲು ಸೊಲ್ಲಾಪುರ, ಸಾಂಗಲಿ, ಕೊಲ್ಹಾಪುರಗಳ ಗಡಿಸೀಮೆಯವರು, ಮುಂಬಯಿ ಪರಿಸರದವರು. ವಿದರ್ಭದ ನಾವು ಹಿಡಿಯಷ್ಟು. ಸೊಲ್ಲಾಪುರದವರಿಗೆ ನೆಲದ ಆಸರೆಯಿದೆ, ನಮಗೆ ಇರುವುದು ಮನೆಗಳ ಆಸರೆ ಮಾತ್ರ. ಆ ಮನೆಗಳು ಈಗ ಎರಡು ಮೂರು ಭಾಷೆಗಳ ಮನೆಗಳು.

ಸಭೆಯಲ್ಲಿ ಕೇಳಿಬಂದ ಇನ್ನೊಂದು ಆಕ್ಷೇಪ, ಭಾಷೆ ಕಲುಷಿತವಾಗುತ್ತದೆ ಎಂಬುದು. ನಮ್ಮ ಮಕ್ಕಳು ಅಜ್ಜಿಗೆ ‘ಪೋಹೆಗೆ ತರ್ರಿ ಹಾಕು’ ಎನ್ನುತ್ತಾರಂತೆ. ಹೌದು, ಎನ್ನುತ್ತಾರೆ. ತರ್ರಿ ಎಂಬ ಆ ಕೆಂಪು ಖಾರದ ಸಾರು ನಾಗಪುರದ್ದು, ಅದಕ್ಕೆ ಕನ್ನಡದಲ್ಲಿ ಬೇರೆ ಹೆಸರು ಹುಡುಕುವ ಅಗತ್ಯ ನನಗೆ ಕಾಣುವುದಿಲ್ಲ. ಅರ್ಜಿ, ಕಚೇರಿ, ಜಮೀನು, ತಾರೀಖು, ಬಾಕಿ, ಖರ್ಚು, ಇವೆಲ್ಲ ನಮ್ಮಲ್ಲಿಗೆ ಹೇಗೆ ಬಂದವು? ಮರಾಠಿಯ ಸೋಂಕು ತಗಲದಂತೆ ಸಂಘವನ್ನು ಕಾಯಬೇಕೆಂದು ಅಂದು ಮಂಡಿಸಿದ್ದಕ್ಕೆ ನಮ್ಮ ದಫ್ತರಿನಲ್ಲಿ ‘ಠರಾವು’ ಎಂಬ ಹೆಸರಿದೆ. ಠರಾವು ಮರಾಠಿಯಿಂದ ಬಂದ ಶಬ್ದ. ವರ್ಗಣಿಯೂ ಅಷ್ಟೇ.

ರಾಷ್ಟ್ರಕೂಟರ ಹೆಸರು ನಮ್ಮ ವೇದಿಕೆಗೆ ಬಲು ಪ್ರಿಯ. ಮೂರನೆಯ ಕೃಷ್ಣನ ತಾಮ್ರಪಟ ಇಲ್ಲೇ ವರ್ಧಾ ಜಿಲ್ಲೆಯ ದೇವಳಿಯಲ್ಲಿ ಸಿಕ್ಕಿದೆ, ಅದರ ಭಾಷೆ ಸಂಸ್ಕೃತ. ಅದೇ ಅರಸನ ಹತ್ತನೆಯ ಶತಮಾನದ ಕನ್ನಡ ಶಾಸನ ಇನ್ನೂ ಉತ್ತರಕ್ಕೆ, ಮಧ್ಯಪ್ರದೇಶದ ಜೂರಾದಲ್ಲಿ ಸಿಕ್ಕಿದೆ. ಕವಿರಾಜಮಾರ್ಗ ಹೇಳುವ ಗೋದಾವರಿಯ ಗಡಿಯನ್ನೂ ದಾಟಿ ಕನ್ನಡ ಬಂದಿತ್ತು ಎಂದು ನಾವು ಹೆಮ್ಮೆಪಡುವುದು ಸರಿಯೇ. ಆದರೆ ಆ ಶಾಸನವನ್ನು ನಮ್ಮ ಕೈಗೆ ಕೊಟ್ಟರೆ ಎಷ್ಟು ಜನ ಓದಿ ಅರ್ಥ ಹೇಳಬಲ್ಲೆವು? ಆ ಕನ್ನಡದಲ್ಲಿ ಹಾಲು ಎಂಬುದು ಪಾಲ್, ಹುಲಿ ಎಂಬುದು ಪುಲಿ, ಹೆಸರು ಎಂಬುದು ಪೆಸರ್. ಱ, ೞ ಎಂಬ ಎರಡು ಅಕ್ಷರಗಳು ಕಾಲಕ್ರಮದಲ್ಲಿ ಬಿದ್ದೇಹೋದವು. ಹದಿಮೂರನೆಯ ಶತಮಾನದ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ೞಕಾರ ಎಲ್ಲೆಲ್ಲಿ ಬರುತ್ತದೆಂದು ಪಟ್ಟಿ ಮಾಡಿಕೊಡಬೇಕಾಯಿತು. ಜನರ ಬಾಯಲ್ಲಿ ಅದು ಆಗಲೇ ಸವೆಯುತ್ತಿದ್ದುದರಿಂದಲ್ಲದೆ ಪಟ್ಟಿಯ ಅಗತ್ಯ ಬೇರೇಕೆ ಬಿತ್ತು? ಪಾಲ್ ಎನ್ನದೆ ಹಾಲು ಎನ್ನುವವರಿಗೆ ಮತವಿಲ್ಲ ಎಂದು ಆಗ ಯಾವುದಾದರೂ ಸಂಘ ಠರಾವು ಮಾಡಿದ್ದರೆ ಇಂದು ನಾವೆಲ್ಲರೂ, ಅಧ್ಯಕ್ಷರೂ ಸೇರಿದಂತೆ, ಸಹಸದಸ್ಯರು.

ಲಿಪಿಯ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಅಲ್ಲಿ ಆದ ಅಪಾರ್ಥ ದೊಡ್ಡದು. ಮಹಾರಾಷ್ಟ್ರದ ಶಾಲೆಗಳಲ್ಲಿ ಮರಾಠಿಯನ್ನು ಕಡ್ಡಾಯಗೊಳಿಸುವ ಕಾಯಿದೆ 2020ರಲ್ಲಿ ಬಂದಿದೆ. ಆದ್ದರಿಂದ ಇಂಗ್ಲಿಷ್ ಮಾಧ್ಯಮದ ಮಗುವಿಗೂ ದೇವನಾಗರಿ ಗೊತ್ತಿರುತ್ತದೆ. ಕ ಖ ಗ ಘ ಎಂಬ ವರ್ಣಮಾಲೆಯ ಕ್ರಮ ಎರಡಕ್ಕೂ ಒಂದೇ. ಮರಾಠಿ ಓದುವ ಮಗುವಿಗೆ ಳಕಾರವೂ ಬರುತ್ತದೆ; ಹಿಂದಿ ಮಾತ್ರ ಓದುವ ಮಗುವಿಗಿಂತ ಅದು ಒಂದು ಮೆಟ್ಟಿಲು ಮೇಲೆಯೇ ಇದೆ. ಈ ಬಂಡವಾಳವನ್ನು ಬದಿಗೊತ್ತಿ ಐವತ್ತು ಅಕ್ಷರಗಳನ್ನು ಹೊಸದಾಗಿ ತಿದ್ದಿಸಲು ತೊಡಗುತ್ತೇವೆ. ವಾರಕ್ಕೆ ಒಂದು ಗಂಟೆಯ ತರಗತಿಯಲ್ಲಿ ಕಾಗುಣಿತ ಮುಗಿಯುವ ಹೊತ್ತಿಗೆ ಪರೀಕ್ಷೆಗಳು ಬರುತ್ತವೆ, ಮಗು ತರಗತಿ ಬಿಡುತ್ತದೆ, ಒಂದೇ ಒಂದು ಕನ್ನಡ ವಾಕ್ಯವನ್ನು ಓದಿ ನಗದೆ ಬಿಡುತ್ತದೆ. ಮೊದಲ ದಿನವೇ ತಾನು ಬಲ್ಲ ಅಕ್ಷರದಲ್ಲಿ ಒಂದು ಕನ್ನಡದ ಕಥೆಯನ್ನು ಅದು ತಡವರಿಸಿಯಾದರೂ ಓದಲಿ ಎಂಬುದಷ್ಟೇ ಸೂಚನೆಯ ಆಶಯ. ದೇವನಾಗರಿಯಲ್ಲೇ ನಿಂತುಬಿಡಿ ಎಂದು ಯಾರೂ ಹೇಳಿರಲಿಲ್ಲ. ನಿಲ್ಲಲು ಸಾಧ್ಯವೂ ಇಲ್ಲ. ಮರಾಠಿ ಬರೆಯುವ ದೇವನಾಗರಿಯಲ್ಲಿ ಹ್ರಸ್ವ ಎ, ಹ್ರಸ್ವ ಒ ಇಲ್ಲ. ಬೆಳೆ ಯಾವುದು ಬೇಳೆ ಯಾವುದು, ಕೊಡು ಯಾವುದು ಕೋಡು ಯಾವುದು ಎಂಬ ಗೊಂದಲ ಮೂರನೆಯ ವಾರದಲ್ಲೇ ಏಳುತ್ತದೆ. ಆಗ ಮಗುವೇ ಕೇಳುತ್ತದೆ, ಇದನ್ನು ಬೇರೆ ಬೇರೆಯಾಗಿ ಬರೆಯುವುದು ಹೇಗೆ ಎಂದು. ಕನ್ನಡ ಲಿಪಿಯ ಪುಸ್ತಕ ತೆರೆಯಬೇಕಾದ ಗಳಿಗೆ ಅದು.

ಲಿಪಿಯ ವಿಷಯದಲ್ಲಿ ನಮ್ಮ ಪೂರ್ವಿಕರಿಗೆ ನಮ್ಮಷ್ಟು ಭಯವಿರಲಿಲ್ಲ. ಶ್ರವಣಬೆಳಗೊಳದ ಗೊಮ್ಮಟನ ಪಾದದ ಬಳಿ ಕನ್ನಡವೂ ಇದೆ, ತಮಿಳೂ ಇದೆ, ನಾಗರಿ ಲಿಪಿಯ ಮರಾಠಿಯೂ ಇದೆ. ತುಳುವಿಗೆ, ಕರಾವಳಿಯ ಕೊಂಕಣಿಗೆ ನಮ್ಮ ಲಿಪಿ ದಾರಿ ಮಾಡಿಕೊಟ್ಟಿದೆ. ನಮ್ಮ ಲಿಪಿಯಲ್ಲಿ ಕೊಂಕಣಿ ಬರೆದಾಗ ಕೊಂಕಣಿ ಸತ್ತಿತೆಂದು ನಾವು ಅಂದುಕೊಂಡೆವೇ?

ಇಷ್ಟನ್ನೂ ಓದಿದ ಕೆಲವರು, ವಿಶೇಷವಾಗಿ ನಮ್ಮ ಯುವ ಮಿತ್ರರು, ನನ್ನನ್ನು ತಮ್ಮ ಪಕ್ಷದವನೆಂದು ಎಣಿಸಿಯಾರು. ಅವರ ಪಕ್ಷವೂ ನನ್ನದಲ್ಲ. ‘ಪರಿವರ್ತನೆ ಜಗದ ನಿಯಮ’ ಎಂಬ ಫಲಕವನ್ನು ನಾವೆಲ್ಲ ಅಂಗಡಿಗಳ ಗೋಡೆಗಳ ಮೇಲೆ ಗೀತಾಸಾರವೆಂಬ ಹೆಸರಿನಲ್ಲಿ ನೋಡಿದ್ದೇವೆ. (ಗೀತೆಯಲ್ಲಿ ಆ ಮಾತಿನ ಶ್ಲೋಕವಿಲ್ಲ, ಫಲಕ ಅಚ್ಚು ಹಾಕಿದವರಿಗೆ ಅದು ಅಡ್ಡಿಯಾಗಲಿಲ್ಲ.) ಈ ಮಾತನ್ನು ಹಿಡಿದುಕೊಂಡು ಒಂದು ವರ್ಗ, ಮಕ್ಕಳಿಗೆ ತಿಳಿಯುವುದಿಲ್ಲವಾದ್ದರಿಂದ ರಾಜ್ಯೋತ್ಸವದ ನಿರೂಪಣೆ ಹಿಂದಿಯಲ್ಲಿರಲಿ, ನಾಟಕ ಬೇಡ ಆರ್ಕೆಸ್ಟ್ರಾ ಸಾಕು, ಗ್ರಂಥಾಲಯದ ಕೋಣೆಯನ್ನು ಬಾಡಿಗೆಗೆ ಕೊಡೋಣ ಎನ್ನುತ್ತದೆ. ಕಾಲ ಬದಲಾಗಿದೆ, ಏನು ಮಾಡುವುದು ಎಂಬ ನಿಟ್ಟುಸಿರು ಬೇರೆ. ಇದು ಬದಲಾವಣೆಯಲ್ಲ, ಜಾರುವುದು. ಕಾಲದ ಮೇಲೆ ಹೊರೆ ಹಾಕಿ ಕೈತೊಳೆದುಕೊಳ್ಳುವವರೂ ಯಾವುದನ್ನೂ ಮುಟ್ಟಬಾರದೆನ್ನುವವರೂ ಕೊನೆಗೆ ಒಂದೇ ಕೆಲಸ ಮಾಡುತ್ತಾರೆ: ತೀರ್ಮಾನಿಸುವ ಹೊಣೆಯಿಂದ ತಪ್ಪಿಸಿಕೊಳ್ಳುತ್ತಾರೆ.

ತಾನಾಗಿ ಆಗುವ ಬದಲಾವಣೆಗೂ ಜನ ಯೋಚಿಸಿ ಮಾಡಿಕೊಳ್ಳುವ ಬದಲಾವಣೆಗೂ ಇರುವ ಅಂತರವನ್ನು ತಿಳಿಯಲು ನಾಗಪುರದಲ್ಲಿ ವಾಸಿಸುವವರು ದೂರ ಹೋಗಬೇಕಾಗಿಲ್ಲ. 1877ರ ಜನವರಿ 1ರಂದು ಜಮ್‌ಸೇಟ್‌ಜಿ ಟಾಟಾ ತೆರೆದ ಎಂಪ್ರೆಸ್ ಮಿಲ್ಲು ಈ ಊರಿಗೆ ತಲೆಮಾರುಗಳ ಕಾಲ ಅನ್ನವಿಕ್ಕಿತು; ಅದು ಮುಚ್ಚಿತು, ಆ ನೆಲದಲ್ಲಿ ಈಗ ಮಾಲ್ ನಿಂತಿದೆ. ಅಲ್ಲಿಯ ಕಾರ್ಮಿಕರನ್ನು ಕೇಳಿ ಆದ ಬದಲಾವಣೆಯಲ್ಲ ಅದು. ರಾಜಧಾನಿ ಹೋದದ್ದೂ ಹಾಗೆಯೇ. ಆದರೆ ರಾಜಧಾನಿ ಹೋಗುವುದಕ್ಕೆ ಹದಿನೆಂಟು ದಿನ ಮೊದಲು, 1956ರ ಅಕ್ಟೋಬರ್ 14ರ ವಿಜಯದಶಮಿಯಂದು, ಇದೇ ಊರಿನಲ್ಲಿ ಇನ್ನೊಂದು ಜಾತಿಯ ಬದಲಾವಣೆ ನಡೆಯಿತು. ಡಾ. ಅಂಬೇಡ್ಕರರು ಲಕ್ಷಾಂತರ ಜನರೊಡನೆ ಬೌದ್ಧ ದೀಕ್ಷೆ ಪಡೆದರು. ಹಿಂದೂವಾಗಿ ಹುಟ್ಟಿದರೂ ಹಿಂದೂವಾಗಿ ಸಾಯುವುದಿಲ್ಲವೆಂದು ಅವರು ಯೇವಲೆಯಲ್ಲಿ ಸಾರಿದ್ದು 1935ರಲ್ಲಿ. ನಡುವೆ ಇಪ್ಪತ್ತೊಂದು ವರ್ಷ ಓದಿದರು, ಬೇರೆ ಬೇರೆ ಮತಗಳನ್ನು ತೂಗಿ ನೋಡಿದರು, ಟೀಕಾಕಾರರಿಗೆ ಉತ್ತರ ಕೊಟ್ಟರು. ತಮ್ಮ ಜನರ ಕೈಗೆ ಇಪ್ಪತ್ತೆರಡು ಪ್ರತಿಜ್ಞೆಗಳನ್ನು ಕೊಟ್ಟರು; ಏನನ್ನು ಬಿಡುತ್ತಿದ್ದೇವೆ, ಏನನ್ನು ಹಿಡಿಯುತ್ತಿದ್ದೇವೆ ಎಂಬುದು ಅಲ್ಲಿ ಒಂದೊಂದಾಗಿ ಸ್ಪಷ್ಟವಿದೆ. ಅವರ ನಿಧನಾನಂತರ 1957ರಲ್ಲಿ ಪ್ರಕಟವಾದ ‘ಬುದ್ಧ ಮತ್ತು ಆತನ ಧಮ್ಮ’ ಗ್ರಂಥದಲ್ಲಿ ಅನಿತ್ಯದ ವಿವೇಚನೆಯಿದೆ. ನಮ್ಮಲ್ಲಿ ಅನಿತ್ಯವೆಂದರೆ ಸ್ಮಶಾನದ ಮಾತು. ಅಂಬೇಡ್ಕರರು ಅದನ್ನು ಬದುಕಿನ ಕಡೆಗೆ ತಿರುಗಿಸುತ್ತಾರೆ: ವಸ್ತುಗಳ ಸ್ವಭಾವ ಸ್ಥಿರವಾಗಿದ್ದರೆ ಯಾವುದೂ ಬೆಳೆಯುವುದು, ಬೇರೊಂದಾಗುವುದು ಸಾಧ್ಯವೇ ಇರುತ್ತಿರಲಿಲ್ಲ ಎಂಬುದು ಅವರ ತರ್ಕ. ಸ್ಥಿರವೆಂದು ಹೇಳಲಾದ ವ್ಯವಸ್ಥೆಯ ಅಡಿಯಲ್ಲಿ ಸಿಕ್ಕಿದ್ದವರಿಗೆ ಈ ತರ್ಕ ಎಷ್ಟು ದೊಡ್ಡ ಬಿಡುಗಡೆಯಾಗಿ ಕಂಡಿತೆಂಬುದನ್ನು ಪ್ರತಿ ವಿಜಯದಶಮಿಗೆ ದೀಕ್ಷಾಭೂಮಿಗೆ ಬರುವ ಜನಸಾಗರವನ್ನು ನೋಡಿದರೆ ತಿಳಿಯುತ್ತದೆ. ನಮ್ಮ ಸಂಘದ ಪುಟ್ಟ ಜಗಳವನ್ನು ಆ ಮಹಾಘಟನೆಯ ಪಕ್ಕದಲ್ಲಿಡುವ ಉದ್ಧಟತನ ನನಗಿಲ್ಲ. ಅದೇ ಊರಿನಲ್ಲಿದ್ದೂ ನಾವು ಅದರಿಂದ ಏನನ್ನೂ ಕಲಿಯಲಿಲ್ಲವಲ್ಲ ಎಂಬ ಸಂಕಟವಷ್ಟೇ.

ತಿದ್ದುಪಡಿಯನ್ನು ವಿರೋಧಿಸುವವರ ಮನಸ್ಸಿನಲ್ಲಿ ಒಂದು ನಿಜವಾದ ಭಯವಿದೆ, ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಪರಭಾಷಿಕರು ಬಹುಮತಕ್ಕೆ ಬಂದರೆ ಸಭೆ ಮರಾಠಿಯಲ್ಲೋ ಹಿಂದಿಯಲ್ಲೋ ನಡೆದೀತು, ಹತ್ತು ವರ್ಷದಲ್ಲಿ ಸಂಘ ಒಂದು ಸಾಮಾನ್ಯ ಕ್ಲಬ್ಬಾದೀತು ಎಂಬುದು ಆ ಭಯ. ಹಾಗಾದರೆ ಕಾಯಬೇಕಾದದ್ದನ್ನು ಕಾಯೋಣ. ನಮ್ಮ ಈಗಿನ ನಿಯಮಾವಳಿಯಲ್ಲಿ ಸದಸ್ಯರ ಮಾತೃಭಾಷೆಯ ಬಗ್ಗೆ ಕಲಮಿದೆ, ಸಭೆಯ ಭಾಷೆಯ ಬಗ್ಗೆ ಒಂದು ಅಕ್ಷರವೂ ಇಲ್ಲ! ಅಪ್ಪಟ ಕನ್ನಡ ಮಾತೃಭಾಷಿಕರೇ ಕುಳಿತು ಕಾರ್ಯಕಾರಿ ಸಮಿತಿಯ ಅರ್ಧ ಚರ್ಚೆಯನ್ನು ಹಿಂದಿ ಇಂಗ್ಲಿಷಿನಲ್ಲಿ ಮುಗಿಸುವುದು, ಲೆಕ್ಕಪತ್ರವನ್ನು ಇಂಗ್ಲಿಷಿನಲ್ಲಿ ಹಂಚುವುದು ನಮಗೆ ರೂಢಿಯಾಗಿದೆ. ಹುಟ್ಟನ್ನು ಕಾಯುತ್ತಿದ್ದೇವೆ, ಬಳಕೆಯನ್ನು ಬಿಟ್ಟಿದ್ದೇವೆ. ಆದ್ದರಿಂದ ತಿದ್ದುಪಡಿಗೆ ನಾನು ಒಂದು ಸಾಲು ಸೇರಿಸಿದ್ದೇನೆ: ಸಂಘದ ಸಭೆ, ನಡಾವಳಿ, ವರದಿ, ಲೆಕ್ಕಪತ್ರ ಎಲ್ಲವೂ ಕನ್ನಡದಲ್ಲಿಯೇ ನಡೆಯತಕ್ಕದ್ದು. ಮತದಾನದ ಹಕ್ಕು ಬೇಕಾದವರು, ಅವರ ಮನೆಮಾತು ಯಾವುದೇ ಇರಲಿ, ಕನ್ನಡದಲ್ಲಿ ನಡೆಯುವ ಆ ಸಭೆಯಲ್ಲಿ ಕುಳಿತು ಕೇಳಿ ಕೈಯೆತ್ತಲಿ. ಇದನ್ನು ಒಪ್ಪುವ ಮರಾಠಿ ಸೊಸೆಯಂದಿರು ನಮ್ಮಲ್ಲಿದ್ದಾರೆ. ಒಪ್ಪಲು ಕಷ್ಟಪಡುವವರು ನಮ್ಮ ಕೆಲವು ಪದಾಧಿಕಾರಿಗಳೇ ಇರಬಹುದೆಂಬ ಅನುಮಾನ ನನಗಿದೆ.

ತಿದ್ದುಪಡಿಯನ್ನು ಮುಂದಿನ ಮಹಾಸಭೆಗಾಗಿ ಮತ್ತೆ ಬರೆದುಕೊಟ್ಟಿದ್ದೇನೆ. ಅಂಗೀಕಾರಕ್ಕೆ ಹಾಜರಿದ್ದವರಲ್ಲಿ ಮೂರನೆಯ ಎರಡು ಭಾಗ ಬೇಕು. ಕಳೆದ ಸಲ ಉಪಾಹಾರದ ಹೊತ್ತಾಯಿತೆಂದು ಎದ್ದುಹೋದವರೇ ಹೆಚ್ಚು. ಈ ಸಲ ಈ ವಿಷಯವನ್ನು ಕಾರ್ಯಸೂಚಿಯ ಕೊನೆಗೆ ಇಡದೆ, ವರದಿ ವಾಚನವಾದ ಕೂಡಲೇ ತೆಗೆದುಕೊಳ್ಳಬೇಕೆಂದು ಕಾರ್ಯದರ್ಶಿಗಳಿಗೆ ಲಿಖಿತವಾಗಿ ಕೇಳಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.